ಅರ್ಜಿ ಎಲ್ಲಿಗೆ ಬಂತು?

ಪ್ರತಿ ವರ್ಷ ನೀಟ್ ಫಲಿತಾಂಶ ಬಂದ ವಾರದಲ್ಲಿ ಯಾರಾದರೂ ಒಬ್ಬರು ನಮ್ಮ ಶಾಲೆಯ ಗೇಟಿನ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. "ಟೀಚರೇ, ನಮ್ ಹುಡ್ಗನ್ ಅರ್ಜಿ ಏನಾಯ್ತು ಅಂತ ಮೆಡಿಕಲ್ ಕಾಲೇಜಿಗೆ ಒಂದ್ ಫೋನ್ ಮಾಡಿ ಕೇಳ್ಬೋದಾ?" ನಾನು ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವವಳು. ಈ ಪ್ರಶ್ನೆ ನನ್ನ ಹತ್ತಿರವೇ ಯಾಕೆ ಬರುತ್ತದೆ ಅಂದರೆ, ಹಿಂದೊಂದು ವರ್ಷ ನಮ್ಮ ಮನೆಯಿಂದಲೂ ಒಂದು ಅರ್ಜಿ ಹೋಗಿತ್ತು. ಆ ವರ್ಷ ನಮ್ಮ ಮನೆಯವರು ಮಾಡಿದ ಘನಕಾರ್ಯಗಳು ಯಸಳೂರಿನಿಂದ ವನಗೂರಿನ ತನಕ ಎಲ್ಲರಿಗೂ ಗೊತ್ತು. ಫೋನ್ ಮಾಡಬಹುದು ಅಂತಲೂ ಹೇಳಲಾರೆ, ಮಾಡಬಾರದು ಅಂತಲೂ ಹೇಳಲಾರೆ. ಆದದ್ದನ್ನು ಹೇಳುತ್ತೇನೆ.

ಮಗಳು ಆಗ ಎರಡನೇ ಸಲ ಪರೀಕ್ಷೆ ಬರೆದಿದ್ದಳು. ಮೊದಲ ಸಲ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು. ಮತ್ತೊಂದು ವರ್ಷ ಹಾಸನದ ಹಾಸ್ಟೆಲಿನಲ್ಲಿ ಕೂತು ಓದಿ, ಕಣ್ಣ ಕೆಳಗೆ ಕಪ್ಪು ಮಾಡಿಕೊಂಡು ಬಂದು, "ಮೂರನೇ ಸಲ ನನ್ ಕೈಲಾಗಲ್ಲಮ್ಮ, ಇದೇ ಕೊನೆ" ಅಂದಿದ್ದಳು. ರ‍್ಯಾಂಕ್ ಬಂದದ್ದು ಹೊಸ್ತಿಲ ಮೇಲೆ. ಒಳಗೂ ಅಲ್ಲ, ಹೊರಗೂ ಅಲ್ಲ. ಬೇಕಾದ ಕಾಲೇಜುಗಳ ಸಾಲಿನಲ್ಲಿ ಅವಳು ಮೊದಲು ಹಾಕಿದ್ದು ನಮ್ಮ ಗುಡ್ಡ ಇಳಿದು ಹೋದರೆ ಸಿಗುವ ಒಂದು ಕಾಲೇಜನ್ನು. ಹೆಸರು ಬೇಡ, ನಮ್ಮಿಂದ ಅವರಿಗೆ ಆದ ತೊಂದರೆಯೇ ಸಾಕು. ಸೀಟು ಹಂಚುವುದು ಬೆಂಗಳೂರಿನ ಕಚೇರಿ, ಅದೂ ಸುತ್ತು ಸುತ್ತಾಗಿ. "ಅರ್ಜಿಯ ಸ್ಥಿತಿ ತಿಳಿಯಲು ಕಾಲೇಜನ್ನು ಸಂಪರ್ಕಿಸಬಾರದು" ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಮಗಳು ಅದನ್ನು ಎಲ್ಲರಿಗೂ ಓದಿ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಿದವರೆಲ್ಲ ಪಾಠ ಕೇಳಿದವರಲ್ಲ ಅಂತ ನನ್ನ ಕೆಲಸವೇ ನನಗೆ ಕಲಿಸಿತ್ತು. ಆದರೂ ನಂಬಿದೆ.

ಕ್ಯೂರಿಂಗಿಗೆ ಹೋದ ಲೋಡು

ನನ್ನ ತವರು ಪಾಳ್ಯದ ಕಡೆ. ರಾಗಿ, ಭತ್ತ. ರಾಗಿ ಬಿತ್ತಿದವರು ಆಕಾಶ ನೋಡುತ್ತಾರೆಯೇ ಹೊರತು ಯಾರಿಗೂ ಫೋನ್ ಮಾಡುವುದಿಲ್ಲ. ಮದುವೆಯಾಗಿ ಯಸಳೂರಿನ ಮೇಲಿನ ಈ ತೋಟಕ್ಕೆ ಬಂದ ಮೇಲೆ ತಿಳಿಯಿತು, ಕಾಫಿಯವರು ಏನನ್ನೂ ಕಳಿಸಿ ಸುಮ್ಮನೆ ಕೂರುವ ಜಾತಿಯಲ್ಲ. ಒಣಗಿದ ಕಾಫಿಯನ್ನು ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗಿಗೆ ಲಾರಿಯಲ್ಲಿ ಕಳಿಸಿದ ಗಳಿಗೆಯಿಂದ ನಮ್ಮ ಯಜಮಾನರ ಫೋನು ಶುರು. ಲೋಡ್ ಇಳೀತಾ? ತೇವ ನೋಡಿದ್ರಾ? ಯಾವ ಗ್ರೇಡಿಗೆ ಎಷ್ಟು ಬಂತು? ಅಲ್ಲಿಯವರು ಬೇಜಾರಿಲ್ಲದೆ ಹೇಳುತ್ತಾರೆ, ಅದು ಅವರ ಕಸುಬು.

ನಮ್ಮ ಮನೆಯಲ್ಲಿ ಸಿಗ್ನಲ್ ಇರುವುದು ಅಡುಗೆಮನೆ ಕಿಟಕಿಯಲ್ಲಿ ಮಾತ್ರ. ಯಜಮಾನರ ಫೋನು ಒಂದು ಬಟ್ಟೆ ಚೀಲದಲ್ಲಿ ಅಲ್ಲೇ ತೂಗುತ್ತಿರುತ್ತದೆ. ತೆಗೆದು ಕಿವಿಗೆ ಹಿಡಿದರೆ ಸಿಗ್ನಲ್ ಹೋಯಿತು, ಅದಕ್ಕೇ ಸ್ಪೀಕರ್ ಹಾಕಿ ಮಾತು. ಹಾಗಾಗಿ ನಮ್ಮ ಮನೆಯಲ್ಲಿ ಗುಟ್ಟು ಅನ್ನುವುದು ಇಲ್ಲ. ಬೆಳೆ ರೇಟು, ನೆಂಟರ ಸಾವು, ಕಾಡಾನೆ ಇಳಿದಿದೆ ಅಂತ ಎಚ್ಚರಿಸುವ ರೆಕಾರ್ಡ್ ದನಿ, ಎಲ್ಲವೂ ಒಗ್ಗರಣೆಯ ಜೊತೆಗೇ ಎಲ್ಲರಿಗೂ ಕೇಳುತ್ತದೆ. ನೆಟ್ ಮಾತ್ರ ಬರುವುದಿಲ್ಲ, ಅದಕ್ಕೆ ಯಸಳೂರಿನ ಬಸ್ ನಿಲ್ದಾಣಕ್ಕೆ ಇಳಿಯಬೇಕು.

ಅರ್ಜಿ ಹೋದ ವಾರಕ್ಕೇ ಯಜಮಾನರು ಕಾಲೇಜಿಗೆ ಫೋನ್ ಹಚ್ಚಿದರು.

"ಮೇಡಂ, ಯಸಳೂರಿಂದ. ನಮ್ದೊಂದ್ ಕಳ್ಸಿದ್ವಿ, ಬಂತಾ?"

"ಏನು ಕಳ್ಸಿದ್ರಿ ಸಾರ್?"

"ಮಗಳ್ ಅರ್ಜಿ. ಗ್ರೇಡ್ ಮಾಡಾಯ್ತಾ?"

ಆ ಕಡೆ ಇದ್ದದ್ದು ಅಡ್ಮಿಷನ್ ವಿಭಾಗದ ಮೇಡಂ. ದನಿ ಸಣ್ಣದು, ತಾಳ್ಮೆ ದೊಡ್ಡದು. "ಸಾರ್, ಸೀಟು ಹಂಚೋದು ಬೆಂಗಳೂರಲ್ಲಿ. ಅಲ್ಲಿಂದ ಪಟ್ಟಿ ಬಂದ ಮೇಲೇ ನಮಗೂ ಗೊತ್ತಾಗೋದು. ದಯವಿಟ್ಟು ವೆಬ್‌ಸೈಟ್ ನೋಡ್ತಾ ಇರಿ."

"ಅದ್ ಸರಿ ಮೇಡಂ. ಸುಮ್ನೆ ಕಣ್ಣಂದಾಜಲ್ಲಿ ಹೇಳಿ. ನಮ್ ಮಾಲು ಹೆಂಗೈತೆ?"

ಮಾಲು ಅಲ್ಲೇ ಒಲೆಯ ಮುಂದೆ ನಿಂತು ಸಾರು ಕದಡುತ್ತಿತ್ತು. ಸೌಟು ಬಿಟ್ಟು ಹೊರಗೆ ಹೋಯಿತು. ನಾನು ಫೋನ್ ಆರಿಸಿ, "ಅವ್ರು ಏನಂದ್ರು, ಕೇಳುಸ್ತೇನ್ರೀ?" ಅಂತ ದಬಾಯಿಸಿದೆ.

"ಕೇಳುಸ್ತು ಕಣೇ," ಅಂದರು ಸಮಾಧಾನವಾಗಿ. "ಲಾರಿ ಇನ್ನೂ ಬೆಂಗಳೂರು ಬುಟ್ಟಿಲ್ವಂತೆ."

ಮುಖ ತೋರಿಸಿ ಬಂದದ್ದು

ಮೊದಲ ಸುತ್ತಿನಲ್ಲಿ ಎಲ್ಲೋ ದೂರದ ಊರಿನ ಹಲ್ಲಿನ ಕಾಲೇಜು ಬಂತು. ಮಗಳು ಅದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಕಾದಳು. ಆಗ ನಮ್ಮ ಭಾವ ಎದ್ದರು. ಯಜಮಾನರ ಅಣ್ಣ, ವನಗೂರಿನ ಕಡೆ ದೊಡ್ಡ ಎಸ್ಟೇಟು. ಲೆಕ್ಕ ಬರೆಯುವ ರೈಟರ್ ಇದ್ದಾನೆ, ಜೀಪಿದೆ, ಮಾತಿಗೆ ತೂಕ ಇದೆ ಅಂತ ಅವರಿಗೇ ಬಲವಾದ ನಂಬಿಕೆಯೂ ಇದೆ.

"ಫೋನಲ್ಲೆಲ್ಲ ಕೆಲ್ಸ ಆಗಲ್ಲ ಕಣೋ," ಅಂತ ತಮ್ಮನಿಗೆ ಹೇಳಿದರು. "ಮುಖ ತೋರುಸ್ಬೇಕು. ನಾನ್ ಹೋಗ್ ಬತ್ತೀನಿ."

ಹೋಗುವಾಗ ಒಂದು ಬಾಟಲಿ ಜೇನು ಹಿಡಿದುಕೊಂಡರು. ನಾನು, "ಭಾವ, ಅದೆಲ್ಲ ಕೊಡಬಾರದು" ಅಂದೆ. "ಕೊಡಾಕಲ್ಲ ಕಣವ್ವ, ಬರಿಗೈಲಿ ಹೋಗ್ಬಾರ್ದು ಅಂತ" ಅಂದರು. ಇವೆರಡರ ನಡುವಿನ ವ್ಯತ್ಯಾಸ ನನಗೆ ಇವತ್ತಿಗೂ ತಿಳಿದಿಲ್ಲ.

ಆ ಕಾಲೇಜೂ ಅದರ ಆಸ್ಪತ್ರೆಯೂ ಒಂದೇ ಕಾಂಪೌಂಡು. ಭಾವ ಜೀಪಿಳಿದು, ಎಲ್ಲಿ ಜನ ಹೆಚ್ಚೋ ಅಲ್ಲೇ ದೊಡ್ಡ ಸಾಹೇಬರು ಇರುವುದು ಅಂತ ಲೆಕ್ಕ ಹಾಕಿ, ಅತಿ ಉದ್ದದ ಸಾಲಿನಲ್ಲಿ ನಿಂತರು. ಹೆಸರು, ವಯಸ್ಸು, ಊರು ಕೇಳಿ ಚೀಟಿ ಕೊಟ್ಟರು. ಎಷ್ಟು ಅಚ್ಚುಕಟ್ಟಾದ ಕಾಲೇಜು ಅಂತ ಭಾವನಿಗೆ ಸಂತೋಷವಾಯಿತು. ಒಳಗೆ ಎಳೆಯ ಡಾಕ್ಟರೊಬ್ಬರು ಅವರ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದರು, ಮೀಟರು ನೋಡಿ ಹುಬ್ಬು ಗಂಟಿಕ್ಕಿದರು, ರಕ್ತಪರೀಕ್ಷೆಗೆ ಬರೆದರು. ರಕ್ತ ತೆಗೆದ ನರ್ಸಮ್ಮ ಬಾಟಲಿ ನೋಡಿ, "ಜೇನು ಯಾರಿಗೆ?" ಅಂದರಂತೆ.

"ನನಗಲ್ಲ."

"ಶುಗರ್ ಇರೋರೆಲ್ಲ ಹಾಗೇ ಹೇಳೋದು," ಅಂತ ಬಾಟಲಿ ಕಿತ್ತು ಮೇಜಿನ ಕೆಳಗೆ ಇಟ್ಟರಂತೆ.

ಭಾವ ಹೊತ್ತು ಮುಳುಗುವಾಗ ವಾಪಸ್ ಬಂದರು. ಕೈಯಲ್ಲಿ ಮಾತ್ರೆಯ ಪೊಟ್ಟಣ. ಉಪ್ಪು, ಉಪ್ಪಿನಕಾಯಿ, ಸಿಹಿ ಎಲ್ಲಕ್ಕೂ ಕತ್ತರಿ. ಅಕ್ಕ, ಅಂದರೆ ಅವರ ಹೆಂಡತಿ, ವರ್ಷಗಟ್ಟಲೆ ಹೇಳಿದರೂ ತೋರಿಸದ ಬಿಪಿ ಹಾಗೆ ಬಯಲಾಯಿತು. ಮಗಳು ಮೆಲ್ಲಗೆ, "ದೊಡ್ಡಪ್ಪ, ಸೀಟಿನ ವಿಷಯ?" ಅಂದಳು.

"ಎಲ್ಲಿ ಕೇಳಾದು ಮಗಾ," ಅಂದರು ಭಾವ. "ನಾನ್ ಬಾಯ್ ಬಿಟ್ಟಾಗ್ಲೆಲ್ಲ, ಇನ್ನೂ ಅಗ್ಲ ಬಿಡಿ, ನಾಲ್ಗೆ ತೋರ್ಸಿ ಅಂದ್ರು."

ದೇವರ ಹತ್ತಿರವೂ

ಎರಡನೇ ಸುತ್ತಿನ ಹೊತ್ತಿಗೆ ಯಜಮಾನರು ಕಾಲೇಜನ್ನು ಬಿಟ್ಟು ನೇರ ಮೇಲಿನವನನ್ನೇ ಸಂಪರ್ಕಿಸಿದರು. ನಮ್ಮ ಈಶ್ವರನ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿ. ಲಿಂಗದ ಎರಡೂ ಕಡೆ ಹಸಿ ಹೂವು ಅಂಟಿಸುತ್ತಾರೆ. ಬಲದ್ದು ಬಿದ್ದರೆ ಕೆಲಸ ಆಗುತ್ತದೆ, ಎಡದ್ದು ಬಿದ್ದರೆ ಇಲ್ಲ. ಮದುವೆ, ಬೋರ್‌ವೆಲ್ಲು, ಹಸು ಕೊಳ್ಳುವುದು, ಎಲ್ಲಕ್ಕೂ ಅಲ್ಲಿ ಉತ್ತರ ಸಿಕ್ಕಿದೆ.

ಅವತ್ತು ಯಾವ ಹೂವೂ ಬೀಳಲಿಲ್ಲ. ಅಯ್ಯನವರು ಮಂಗಳಾರತಿ ಮಾಡಿದರು, ಗಂಟೆ ಬಾರಿಸಿದರು. ನನ್ನ ಮಂಡಿ ನೋಯಲು ಶುರುವಾಯಿತು. ಹೂವು ಜಪ್ಪಯ್ಯ ಅನ್ನಲಿಲ್ಲ. ಯಜಮಾನರು ಗಾಬರಿಯಾಗಿ, "ಏನ್ ಅಯ್ನೋರೆ ಇದು? ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ?" ಅಂದರು.

ಅಯ್ಯನವರ ತಂಗಿಯ ಮಗ ಹಿಂದಿನ ವರ್ಷ ಇದೇ ಸೀಟಿನ ಗಾಣದಲ್ಲಿ ಸುತ್ತಿದ್ದವನು. ಅವರು ಆರತಿ ತಟ್ಟೆ ಕೆಳಗಿಟ್ಟು, "ಎರಡನೇ ಸುತ್ತಲ್ವಾ?" ಅಂದರು. "ಇಲ್ಲೂ ಪೆಂಡಿಂಗ್ ಅಂತ್ಲೇ ತೋರುಸ್ತಾ ಐತೆ. ಕೊನೆ ಸುತ್ತಿಗೆ ಬನ್ನಿ."

ಅವರು ಹೇಳಿದಂತೆಯೇ ಆಯಿತು. ಎರಡನೇ ಸುತ್ತಿನಲ್ಲೂ ಹಲ್ಲಿನ ಕಾಲೇಜೇ ಉಳಿಯಿತು.

ಊಟ ಆಯ್ತೇನವ್ವ?

ಮಗಳು ಮಾತು ಕಮ್ಮಿ ಮಾಡಿದಳು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯತೊಡಗಿತು. ನಾನು ಎಲ್ಲರ ಮೇಲೂ ಸಿಡುಕತೊಡಗಿದೆ. ಆಗ ನಮ್ಮತ್ತೆ, "ಆ ಕಾಲೇಜಿನ್ ನಂಬ್ರ ಒತ್ಕೊಡೇ, ನಾನ್ ಮಾತಾಡ್ತೀನಿ" ಅಂದರು.

ಅತ್ತೆಗೆ ಅವರದೇ ಒಂದು ಗುಂಡಿ ಒತ್ತುವ ಫೋನಿದೆ. ಅದರ ಕಂಪನಿ ಬೇರೆ, ಅದಕ್ಕೆ ಸಿಗ್ನಲ್ ಸಿಗುವುದು ಮನೆಗೆ ತಾಗಿಕೊಂಡ ಕೊಟ್ಟಿಗೆಯ ಮೆಟ್ಟಿಲ ಮೇಲೆ. ಹಸುವಿನ ಪಕ್ಕ ಕೂತು ಮಾತಾಡುತ್ತಾರೆ. ನಾನು ಒತ್ತಿಕೊಟ್ಟು ಅಲ್ಲೇ ನಿಂತೆ. ಆ ಕಡೆ ಅದೇ ಸಣ್ಣ ದನಿಯ ಮೇಡಂ, "ಅಡ್ಮಿಷನ್ ಸೆಕ್ಷನ್, ಹೇಳಿ" ಅಂದರು.

"ಊಟ ಆಯ್ತೇನವ್ವ?"

ಬೆಳಗಿನಿಂದ ಸೀಟು, ರ‍್ಯಾಂಕ್, ಪಟ್ಟಿ ಅಂತ ಕೇಳಿ ಕೇಳಿ ಬೇಸತ್ತ ಹೆಂಗಸಿಗೆ ಯಾರೋ ಊಟದ ವಿಚಾರ ಕೇಳಿದ್ದರು. "ಇಲ್ಲ ಅಜ್ಜಿ, ಈ ಫೋನ್ ಬಿಡ್ತಾನೇ ಇಲ್ಲ" ಅಂದರು. ಅಲ್ಲಿಂದ ಹರಿಯಿತು. ಮೇಡಮ್ಮನ ಮಗುವಿಗೆ ಕೆಮ್ಮು. ಅವರ ಅತ್ತೆಗೆ ಮಂಡಿ ನೋವು. ಗಂಡನಿಗೆ ಬೇರೆ ಊರಲ್ಲಿ ಕೆಲಸ. ನಮ್ಮತ್ತೆ, ಯಸಳೂರಿಂದ ಫೋನ್ ಮಾಡಿ ಕಾಡುವವನ ತಾಯಿ ತಾನು ಅಂತ ಹೇಳಿಕೊಂಡು, ಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕಾಯಿಸುವ ಕ್ರಮ ಹೇಳಿ, ಫೋನ್ ಇಟ್ಟರು.

"ಕೇಳಿದ್ರಾ ಅತ್ತೆ?"

"ಏನ?"

"ಅರ್ಜಿ!"

"ಥೂ, ಊಟ ಮಾಡ್ದೆ ಕೂತಾವ್ಳೆ, ಅವಳ್ ತಾವ ಅರ್ಜಿ ಕೇಳಾದೇನೇ?"

ಆಮೇಲೆ ಅದು ರೂಢಿಯಾಯಿತು. ಎರಡು ದಿನಕ್ಕೊಮ್ಮೆ ಅತ್ತೆ ಕೊಟ್ಟಿಗೆ ಮೆಟ್ಟಿಲಿಗೆ ಹೋಗುವರು, ಕೆಮ್ಮಿನ ವಿಚಾರಣೆ ನಡೆಯುವುದು. ನಾನು ಬೈದೆ, ಯಜಮಾನರು ಕೈ ಮುಗಿದರು, ಅತ್ತೆ ಒಂದು ಸಲವೂ ಸೀಟಿನ ಸುದ್ದಿ ಎತ್ತಲಿಲ್ಲ. ಒಂದು ದಿನ ಮೇಡಮ್ಮನೇ ತಮ್ಮ ಮೊಬೈಲಿನಿಂದ ಮಾಡಿ, ಮಗುವಿನ ಕೆಮ್ಮು ನಿಂತಿತು ಅಂತ ಹೇಳಿದರು. ಮಹಡಿಯ ಮೇಲೆ ಮಹಡಿ ಡಾಕ್ಟರು ತುಂಬಿಕೊಂಡಿರುವ ಕಾಲೇಜಿಗೆ ನಮ್ಮ ಕೊಟ್ಟಿಗೆಯಿಂದ ಔಷಧ ಹೋಗುತ್ತಿತ್ತು.

ಮೂರು ಸಲ ಬಂದ ಆನೆ

ಕೊನೆಯ ಸುತ್ತಿನ ಹೊತ್ತಿಗೆ ಗಾಳಿಗೆ ಮರಗಳು ಬಿದ್ದು ಕರೆಂಟು ಹೋಯಿತು, ಟವರೂ ಸತ್ತಿತು. ಎರಡೂ ಕಂಪನಿಯ ಫೋನುಗಳು ಮೂಕವಾದವು. ಬಸ್ಸಿಲ್ಲ, ಯಸಳೂರಿನಲ್ಲೂ ನೆಟ್ ಇಲ್ಲ. ಪಟ್ಟಿ ಬರಲು ಇನ್ನೂ ದಿನವಿದೆ ಅಂತ ನಾವು ಧೈರ್ಯವಾಗಿದ್ದೆವು. ಅದು ಮೊದಲೇ ಬಂದುಬಿಟ್ಟಿತ್ತು. ಸೀಟು ಸಿಕ್ಕವರು ಕಾಲೇಜಿಗೆ ಹೋಗಿ ಸೇರಿಕೊಳ್ಳುವ ಕೊನೆಯ ದಿನವೂ ಬಂದುಬಿಟ್ಟಿತ್ತು. ಇದ್ಯಾವುದೂ ನಮಗೆ ಗೊತ್ತಿಲ್ಲ.

ಆ ಬೆಳಿಗ್ಗೆ ಟವರಿಗೆ ಜೀವ ಬಂತು. ಮಗಳು ಯಸಳೂರಿಗೆ ಹೋಗಿ ಪಟ್ಟಿ ನೋಡುತ್ತೇನೆ ಅಂತ ಚಪ್ಪಲಿ ಮೆಟ್ಟುತ್ತಿದ್ದಳು. ಅಷ್ಟರಲ್ಲಿ ಕಿಟಕಿಯ ಚೀಲದಲ್ಲಿ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಯಜಮಾನರು ಒತ್ತಿದರು. ಹೆಣ್ಣು ದನಿ, "ನಮಸ್ಕಾರ" ಅಂದಿತು. ಯಜಮಾನರು ಕಟ್ ಮಾಡಿದರು.

"ಆನೆ! ಯಾರೂ ಹೊರಗ್ ಹೋಗಂಗಿಲ್ಲ!"

ನಗಬೇಡಿ. ನಮ್ಮ ಕಡೆ ಆನೆ ತುಳಿದು ಸತ್ತವರ ಮನೆಗಳಿಗೆ ನಾನೂ ಹೋಗಿ ಕೂತು ಅತ್ತು ಬಂದವಳು. ಆ ಎಚ್ಚರಿಕೆಯ ಫೋನು ಒಂದೊಂದು ಸಲ ಒಂದೊಂದು ನಂಬರಿನಿಂದ ಬರುತ್ತದೆ, ಹೆಣ್ಣು ದನಿಯಲ್ಲಿ "ನಮಸ್ಕಾರ" ಅಂತಲೇ ಶುರುವಾಗುತ್ತದೆ. ಪೂರ್ತಿ ಕೇಳುತ್ತ ನಿಂತರೆ ತೋಟದಲ್ಲಿ ಇರುವವರನ್ನು ಒಳಗೆ ಕರೆಯುವುದು ಯಾವಾಗ? ನಮಸ್ಕಾರ ಅಂದ ಕೂಡಲೇ ಕಟ್ ಮಾಡಿ ಕೂಗು ಹಾಕುವುದು ಇಲ್ಲಿಯ ಎಲ್ಲ ಮನೆಯ ಅಭ್ಯಾಸ.

ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮತ್ತೆ "ನಮಸ್ಕಾರ", ಮತ್ತೆ ಕಟ್. "ಎರಡ್ನೇ ಸಲ ಬಂತು ಅಂದ್ರೆ ಒಂಟಿ ಅಲ್ಲ, ಗುಂಪೇ ಐತೆ," ಅಂದರು ಯಜಮಾನರು. ಮೂರನೇ ಸಲ ಬಂದಾಗ ಅವರ ಮುಖ ಬಿಳುಪೇರಿತು. "ನಮ್ ತೋಟಕ್ಕೇ ಇಳ್ದ್ಬುಟ್ಟವೆ ಕಣೇ."

ಅವರು ಲೈನುಮನೆಗಳಲ್ಲಿರುವ ಆಳುಗಳಿಗೆ ಕೆಲಸ ಬೇಡ ಅಂದರು. ಭಾವನಿಗೆ ಫೋನ್ ಮಾಡಿದರು. ಭಾವ ತಮ್ಮ ಎಸ್ಟೇಟಿನ ಕೆಲಸ ನಿಲ್ಲಿಸಿ, ಸಿಕ್ಕಿದವರಿಗೆಲ್ಲ ಫೋನ್ ಮಾಡಿದರು. ನಾನು ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ದಾರಿಯಲ್ಲಿ ಆನೆ ಇದೆ, ಬರಲಾಗುವುದಿಲ್ಲ ಅಂದೆ. "ಹೌದಂತೆ ಟೀಚರೇ, ಈಗ್ತಾನೆ ಕೇಳ್ದೆ, ಮರಿಯೂ ಐತಂತೆ" ಅಂದರು ಅವರು. ಎಲ್ಲೋ ಪಟಾಕಿ ಸಿಡಿಯಿತು. ಮಗಳು ಚಪ್ಪಲಿ ಮೆಟ್ಟಿಕೊಂಡೇ ಬಾಗಿಲ ಹಿಂದೆ ಕೂತಿದ್ದಳು. "ಅಪ್ಪ, ಪಟ್ಟಿ ಬಂದಿದ್ರೆ?" ಅಂದಳು. "ಜೀವ ಇದ್ರೆ ಪಟ್ಟಿ" ಅಂದರು ಅಪ್ಪ.

ಆಗ ಕೊಟ್ಟಿಗೆಯಲ್ಲಿ ಅತ್ತೆಯ ಫೋನು ಕೂಗಿತು. ಅತ್ತೆ ಹಾಲು ಕರೆಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತರು. ಕಿವಿ ಮಂದ, ಅವರ ಫೋನಿನ ಮಾತೂ ನಮಗೆಲ್ಲ ಕೇಳುವಷ್ಟು ಜೋರು.

"ನೀನೇನವ್ವ! ತಿಂಡಿ ಆಯ್ತಾ? ಮಗೂ ಹೆಂಗೈತೆ?"

"ಚೆನ್ನಾಗಿದೆ ಅಜ್ಜಿ. ಮೊದಲು ಫೋನ್ ಮೊಮ್ಮಗಳಿಗೆ ಕೊಡಿ."

"ಕೊಡ್ತೀನಿ, ಅವ್ಸರ ಏನು? ನಿಮ್ಮತ್ತೆ ಮಂಡಿಗೆ ಎಣ್ಣೆ ಹಚ್ಚುದ್ಯಾ?"

"ಹಚ್ಚಿದೆ ಅಜ್ಜಿ! ಅವಳಿಗೆ ನಮ್ಮ ಕಾಲೇಜಲ್ಲೇ ಸೀಟು ಸಿಕ್ಕಿದೆ! ಇವತ್ತೇ ಕೊನೆ ದಿನ, ಸಂಜೆ ಒಳಗೆ ಬಂದು ಸೇರಬೇಕು. ಎಲ್ಲರೂ ಬಂದ್ರು, ಇವಳೊಬ್ಬಳು ಬಂದಿಲ್ಲ. ಬೆಳಿಗ್ಗೆಯಿಂದ ನಿಮ್ಮ ಮಗನಿಗೆ ಮೂರು ಸಲ ಮಾಡಿದೆ, ನಮಸ್ಕಾರ ಅಂದ್ರೆ ಸಾಕು, ಕಟ್ ಮಾಡ್ತಾರೆ. ಯಾಕಜ್ಜಿ, ನಮ್ಮ ಮೇಲೆ ಕೋಪವಾ?"

ಅತ್ತೆ ಬಾಯಿ ತೆರೆದುಕೊಂಡು ಮಗನನ್ನು ನೋಡಿದರು. "ಅದು ನೀನೇನವ್ವ?" ಅಂದರು. "ನಾವು ಆನೆ ಅಂತ ಬಾಗ್ಲು ಹಾಕ್ಕಂಡು ಕೂತಿದ್ದೀವಿ ಕಣವ್ವ!"

ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನನಗಂತೂ ಅಳುವೇ ಬಂತು. ಯಜಮಾನರು ಜೀಪಿಗಾಗಿ ಭಾವನಿಗೆ ಫೋನ್ ಮಾಡಿದರೆ ಭಾವ ಹೊರಡಲು ತಯಾರಿಲ್ಲ. "ಹುಚ್ಚೇನೋ ನಿಂಗೆ? ನಮ್ ಸ್ಟೋರಿನ್ ಹಿಂದೆ ಬಿದಿರು ಮುರಿಯೋ ಸದ್ದು ನಾನೇ ಕೇಳಿದೀನಿ!" ಅಂದರು. ಆನೆ ಇಲ್ಲ, ಅದು ಕಾಲೇಜಿನ ಮೇಡಂ ಅಂತ ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಯಜಮಾನರ ಗಂಟಲು ಕಟ್ಟಿತು.

ಅಂತೂ ಜೀಪು ಬಂತು. ಹೊರಟು ಎರಡು ತಿರುವು ಇಳಿದಿದ್ದೆವು, ರಸ್ತೆಗೆ ಅಡ್ಡವಾಗಿ ಜನ ನಿಂತಿದ್ದರು. ಕೈಯಲ್ಲಿ ಪಟಾಕಿ. "ಮುಂದಕ್ ಹೋಗ್ಬೇಡಿ! ದೊಡ್ ಗುಂಪು ಐತೆ! ಈ ದಾರೀಲೇ ಬತ್ತಾ ಐತಂತೆ!"

"ಯಾರ್ ಹೇಳಿದ್ದು?" ಅಂದರು ಯಜಮಾನರು.

"ಎಲ್ಲಾರೂ ಹೇಳ್ತಾವ್ರೆ!"

ಯಜಮಾನರು ಜೀಪಿನಿಂದ ಅರ್ಧ ಹೊರಗೆ ಬಾಗಿ, ಎರಡೂ ಕೈ ಮುಗಿದರು. "ಆ ಆನೆ ನಮ್ಮನೇದೇ ಕಣ್ರಪ್ಪ! ದಾರಿ ಬುಡಿ ಮಾರಾಯ್ರಾ, ಮಗಳ್ ಸೀಟು ಹೋಯ್ತದೆ!"

ಅವರಿಗೆ ಏನು ಅರ್ಥವಾಯಿತೋ, ದಾರಿ ಬಿಟ್ಟರು. ಗುಡ್ಡದ ಜನವೆಲ್ಲ ಮನೆಯೊಳಗೆ ಕೂತಿದ್ದರಿಂದ ಕೆಳಗಿನ ತನಕ ಎದುರಿಗೆ ಒಂದು ವಾಹನವೂ ಸಿಗಲಿಲ್ಲ. ನಾವು ಹುಟ್ಟಿಸಿದ ಆನೆಯೇ ನಮಗೆ ದಾರಿ ಮಾಡಿಕೊಟ್ಟಿತು.

ಕಾಲೇಜು ಮುಟ್ಟಿದಾಗ ಇನ್ನೂ ಸಂಜೆಯಾಗಿರಲಿಲ್ಲ. ಸಣ್ಣ ದನಿಯ ಮೇಡಂ ನೋಡಲು ಎತ್ತರದ ಆಳು. ಮಗಳ ಕಾಗದಪತ್ರ ನೋಡಿ, ಸಹಿ ಹಾಕಿಸಿ, ಅವಳ ಕೈ ಹಿಡಿದು, "ಸೇರಿದೆ ಮಗಳೇ, ಇನ್ನು ಆರಾಮಾಗಿ ಊಟ ಮಾಡು" ಅಂದರು. ಮಗಳ ಬಿಗಿದುಕೊಂಡಿದ್ದ ಹೆಗಲು ಇಳಿದದ್ದು ನನಗೆ ಕಂಡಿತು. ಎಷ್ಟೋ ತಿಂಗಳ ಮೇಲೆ ಅವಳು ಪೂರ್ತಿ ಉಸಿರು ಬಿಟ್ಟಳು. ಮೇಜಿನ ಮೇಲಿನ ಫೋನು ಬಡಿದುಕೊಳ್ಳುತ್ತಲೇ ಇತ್ತು. "ಬೆಳಿಗ್ಗೆಯಿಂದ ಹೀಗೇ, ಅರ್ಜಿ ಏನಾಯ್ತು ಅಂತ. ಅದಕ್ಕೇ ನಿಮಗೆ ಪಕ್ಕದ ಸೆಕ್ಷನ್ನಿನ ಫೋನಿಂದ ಮಾಡಿದ್ದು," ಅಂದರು.

ಯಜಮಾನರು ನಾಚಿಕೊಂಡು, "ನಾನೂ ನಿಮ್ಗೆ ಬಾಳ ಸಲ ಮಾಡಿ ತೊಂದ್ರೆ ಕೊಟ್ಬುಟ್ಟೆ ಮೇಡಂ, ಮಾಡ್ಬಾರ್ದು ಅಂತ ಹಾಕಿದ್ರೂನೂ" ಅಂದರು.

"ನೀವು ಕಾಲೇಜಿಗೆ ಫೋನ್ ಮಾಡಬಾರದು ಅಂತ ಹಾಕಿದ್ದು ನಿಜ ಸಾರ್," ಅಂದರು ಮೇಡಂ. "ಕಾಲೇಜು ಫೋನ್ ಮಾಡಿದ್ರೆ ಎತ್ತಬಾರದು ಅಂತ ಎಲ್ಲೂ ಹಾಕಿಲ್ಲ."

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅತ್ತೆಗೆ ಎಲ್ಲ ವಿವರ ಹೇಳಿದೆವು. ಅವರು ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ತಮ್ಮ ಫೋನ್ ಹಿಡಿದು ಕೊಟ್ಟಿಗೆ ಮೆಟ್ಟಿಲಿಗೆ ಹೋದರು.

"ಊಟ ಆಯ್ತೇನವ್ವ? ಮಗೂ ಮಲಗ್ತಾ?" ಅಂತ ಎಂದಿನ ಹಾಗೆ ವಿಚಾರಿಸಿ, ಅಷ್ಟು ದಿನದಲ್ಲಿ ಮೊದಲ ಸಲ ಕೇಳಿದರು. "ಅದಿರ್ಲಿ ಕಣವ್ವ. ನಮ್ ಹುಡ್ಗಿ ಅರ್ಜಿ ಎಲ್ಲಿಗ್ ಬಂತು?"

ನಾನು ಓಡಿ ಹೋಗಿ, "ಅತ್ತೆ, ಸೇರಿಸಿ ಬಂದಾಯ್ತಲ್ಲ! ಈಗ್ಯಾಕೆ ಕೇಳ್ತೀರಿ?" ಅಂದೆ.

ಅತ್ತೆ ಫೋನಿಗೆ ಅಂಗೈ ಅಡ್ಡ ಇಟ್ಟರು. "ಇಷ್ಟ್ ದಿನ ಕೇಳಿದ್ರೆ ಪಾಪ, ಅವಳು ಏನಂತ ಹೇಳ್ಬೇಕಿತ್ತೇ? ಇವತ್ತು ಹೇಳಾಕೆ ಅವಳ್ ತಾವ ಒಳ್ಳೆ ಮಾತೈತೆ. ಸುಮ್ಕಿರು, ಹೇಳ್ಲಿ."